ಪಂಪ್ ಆಕ್ಷನ್ ಕೋವಿಯ ಮರ ಬದಲಿಸುವ ಮುನ್ನ ಅಳತೆಪಟ್ಟಿ ಹಿಡಿಯಿರಿ

ಪ್ರಶ್ನೆ: ನಾನು ಮೂಲತಃ ಕೊಡಗಿನವನು, ಹಲವು ವರ್ಷಗಳಿಂದ ಅಮೆರಿಕದ ಮಿನೆಸೋಟದಲ್ಲಿದ್ದೇನೆ. ನಿವೃತ್ತರಾದ ಸಹೋದ್ಯೋಗಿಯೊಬ್ಬರಿಂದ ಹಳೆಯ ರೆಮಿಂಗ್ಟನ್ 870 ವಿಂಗ್‌ಮಾಸ್ಟರ್, 12 ಬೋರಿನ ಪಂಪ್ ಆಕ್ಷನ್ ಕೋವಿಯನ್ನು ಕೊಂಡೆ. ಫೆಸೆಂಟ್ ಮತ್ತು ಬಾತುಕೋಳಿ ಬೇಟೆಗೆ ಬಳಸುತ್ತೇನೆ. ಸ್ಟಾಕ್ (ಭುಜಕ್ಕೊತ್ತುವ ಹಿಂಭಾಗದ ಮರ) ರಿಸೀವರಿಗೆ (ಯಂತ್ರಭಾಗಗಳಿರುವ ಲೋಹದ ಪೆಟ್ಟಿಗೆ) ಸೇರುವಲ್ಲಿ ಸಣ್ಣ ಬಿರುಕು ಬಿಟ್ಟಿದೆ, ಫೋರೆಂಡ್ (ನಳಿಗೆಯ ಕೆಳಗೆ ಹಿಂದೆಮುಂದೆ ಎಳೆಯುವ ಹಿಡಿ) ಅಲ್ಲಾಡುತ್ತದೆ. ಚಳಿಗಾಲದ ಕೋಟು ತೊಟ್ಟಾಗ ಕೋವಿ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಸಂಜೆಗೆ ತೋಳಿನ ಮೇಲೆ ನೀಲಿ ಕಲೆ ಮೂಡಿರುತ್ತದೆ. ನನ್ನ ಎತ್ತರ 5 ಅಡಿ 5 ಇಂಚು. ಎರಡನ್ನೂ ತೆಗೆದು ಪಿಸ್ತೂಲ್ ಹಿಡಿಯ ಕಪ್ಪು ಸಿಂಥೆಟಿಕ್ ಜೋಡಿ ಹಾಕಬೇಕೆಂದಿದ್ದೇನೆ. ಮನೆಯಲ್ಲೇ ಮಾಡಬಹುದೇ? ಮರವೇ ಬೇಕೆಂದರೆ ಊರಿನಿಂದ ಬೀಟೆ ಮರದ ತುಂಡು ತರಿಸಬಹುದೇ?

ಉತ್ತರ: ಮನೆಯಲ್ಲೇ ಮಾಡಬಹುದು. ನೀವು ಕೇಳಿದ ಕೆಲಸ ಒಂದು ಮಧ್ಯಾಹ್ನದ್ದು. ಆದರೆ ಅಂಗಡಿಗೆ ಹಣ ಕಳಿಸುವ ಮೊದಲು ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿಕೊಳ್ಳಿ. ಬಿರುಕು, ಅಲ್ಲಾಟ, ಕಂಕುಳು, ನೀಲಿ ಕಲೆ ಎಂದು ನಾಲ್ಕು ದೂರು ಬರೆದಿದ್ದೀರಿ. ಮೊದಲನೆಯದು ಮರದ ದೂರು, ಎರಡನೆಯದು ಬಹುಶಃ ದೂರೇ ಅಲ್ಲ, ಕೊನೆಯ ಎರಡು ಅಳತೆಯ ದೂರುಗಳು. ನೀವು ಕೊಳ್ಳಹೊರಟಿರುವ ಕಪ್ಪು ಜೋಡಿ ನಿಮ್ಮ ಹಳೆಯ ಮರದಷ್ಟೇ ಉದ್ದವಿದ್ದರೆ, ಮುಂದಿನ ಹಂಗಾಮಿನಲ್ಲಿ ಅದೇ ಕಲೆ ಅದೇ ಜಾಗದಲ್ಲಿ ಮೂಡುತ್ತದೆ.

ಚರೆ ಹಾರಿಸುವ ಕೋವಿಗೆ ಮುಂದೆ ಒಂದು ಮಣಿ ಇರುತ್ತದೆ, ಹಿಂದೆ ಏನೂ ಇರುವುದಿಲ್ಲ. ರೈಫಲ್ಲಿನಲ್ಲಿ ಹಿಂದಿನ ನೋಟಪಟ್ಟಿ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಕಣ್ಣು ಮಾಡುತ್ತದೆ, ಆ ಕಣ್ಣು ಎಲ್ಲಿರಬೇಕೆಂಬುದನ್ನು ಕೆನ್ನೆ ಊರುವ ಮರ ನಿರ್ಧರಿಸುತ್ತದೆ. ಹಾಗಾಗಿ ಸ್ಟಾಕ್ ಬದಲಿಸುವುದೆಂದರೆ ಕೋವಿಯ ಹಿಂದಿನ ನೋಟವನ್ನೇ ಕಿತ್ತು ಇನ್ನೊಂದನ್ನು ಕೂರಿಸಿದಂತೆ. ಊರಿನ ಮನೆಯಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತಿದ್ದ ಜೋಡು ನಳಿಗೆಯ ಕೋವಿ ಎತ್ತಿದೊಡನೆ ಕಣ್ಣಿಗೆ ನೇರ ಬರುತ್ತಿತ್ತೆಂದು ನಿಮಗೆ ನೆನಪಿದ್ದರೆ, ಅದಕ್ಕೆ ಅಭ್ಯಾಸದಷ್ಟೇ ಅದರ ಮರದ ಅಳತೆಯೂ ಕಾರಣವಾಗಿರಬಹುದು. ಕಾರ್ಖಾನೆಯ 870 ಸರಾಸರಿ ಅಮೆರಿಕನ್ ಗಂಡಸಿನ ಮೈಕಟ್ಟನ್ನು ಲೆಕ್ಕವಿಟ್ಟು ಮಾಡಿದ್ದು. ಅದರ ಟ್ರಿಗರಿನಿಂದ ಹಿಂದಿನ ರಬ್ಬರ್ ಪ್ಯಾಡಿನ ನಡುವಿನವರೆಗೆ ಸುಮಾರು 14 ಇಂಚು ಇರುತ್ತದೆ. ಇದನ್ನೇ ಸ್ಟಾಕಿನ ಎಳೆತದುದ್ದ ಎನ್ನುತ್ತೇವೆ. ನಿಮ್ಮ ಎತ್ತರದವರಿಗೆ, ಅದರಲ್ಲೂ ದಪ್ಪ ಕೋಟಿನ ಮೇಲೆ, 13ರಿಂದ 13½ ಇಂಚಿನ ಆಸುಪಾಸು ಸರಿಹೋಗುವುದೇ ಹೆಚ್ಚು. ಉದ್ದ ಹೆಚ್ಚಾದ ಸ್ಟಾಕ್ ಭುಜದ ಗುಳಿಯಲ್ಲಿ ಕೂರಲಾರದೆ ಹೊರಕ್ಕೆ ಜಾರಿ ತೋಳಿನ ಮೇಲೆ ನಿಲ್ಲುತ್ತದೆ. ನಿಮ್ಮ ನೀಲಿ ಕಲೆ ಹೇಳುತ್ತಿರುವುದು ಅದನ್ನೇ.

ಅಳೆಯುವ ಬಗೆ ಹೀಗೆ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬೇಟೆಗೆ ತೊಡುವ ಕೋಟನ್ನೇ ತೊಟ್ಟು, ಗೋಡೆಯ ಮೇಲೊಂದು ಗುರುತು ನೋಡಿ ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ. ಆಮೇಲೆ ಕಣ್ಣು ತೆರೆಯಿರಿ. ಕೆನ್ನೆ ಮರದ ಮೇಲೆ ಊರಿದ್ದಾಗ, ಟ್ರಿಗರ್ ಹಿಡಿದ ಕೈಯ ಹೆಬ್ಬೆರಳ ಗಿಣ್ಣಿಗೂ ನಿಮ್ಮ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿದರೆ ಉದ್ದ ಸರಿ. ನಾಲ್ಕು ಬೆರಳು ಹಿಡಿಸಿದರೆ ಸ್ಟಾಕ್ ಉದ್ದ, ಗಿಣ್ಣು ಮೂಗಿಗೆ ತಾಗುವಂತಿದ್ದರೆ ಗಿಡ್ಡ. ಪ್ಯಾಡನ್ನು ಮೊಣಕೈ ಮಡಚಿಗೆ ಒತ್ತಿ ಬೆರಳು ಟ್ರಿಗರಿಗೆ ಎಟುಕುತ್ತದೆಯೇ ಎಂದು ನೋಡುವ ಹಳೆಯ ವಿಧಾನವೊಂದಿದೆ. ಅಂಗಡಿಯವರು ಇಂದಿಗೂ ಅದನ್ನೇ ಮಾಡಿಸುತ್ತಾರೆ. ಅದರಿಂದ ಮುಂಗೈಯ ಉದ್ದ ತಿಳಿಯುತ್ತದೆ, ಕೊರಳು, ಭುಜ, ಕೋಟುಗಳ ವಿಚಾರ ತಿಳಿಯುವುದಿಲ್ಲ. ನಾನು ಅದನ್ನು ನಂಬುವುದಿಲ್ಲ.

ಉದ್ದದ ಜೊತೆಗೆ ಎತ್ತರವೂ ಇದೆ. ಕೆನ್ನೆ ಊರುವ ಮೇಲಂಚು ನಳಿಗೆಯ ಗೆರೆಗಿಂತ ಮುಂಭಾಗದಲ್ಲಿ ಸುಮಾರು 1½ ಇಂಚು, ಹಿಂದಿನ ಹಿಮ್ಮಡಿಯಲ್ಲಿ ಸುಮಾರು 2½ ಇಂಚು ತಗ್ಗಿರುವುದು ಇಂಥ ಕೋವಿಗಳಲ್ಲಿ ಸಾಮಾನ್ಯ. ಅಂದರೆ ಆ ಅಂಚು ಹಿಂದಕ್ಕೆ ಹೋದಂತೆ ಇಳಿಯುತ್ತದೆ. ಸ್ಟಾಕನ್ನು ಹಿಂದಿನಿಂದ ಅರ್ಧ ಇಂಚು ಕತ್ತರಿಸಿದರೆ ನಿಮ್ಮ ಕೆನ್ನೆ ಅರ್ಧ ಇಂಚು ಮುಂದೆ, ಎಂದರೆ ಎತ್ತರದ ಜಾಗದಲ್ಲಿ ಊರುತ್ತದೆ. ಒಂಬತ್ತು ಇಂಚಿಗೆ ಒಂದು ಇಂಚು ಇಳಿಯುವ ಅಂಚಿನಲ್ಲಿ ಅರ್ಧ ಇಂಚಿಗೆ ಕಣ್ಣು ಇಂಚಿನ ಹದಿನೆಂಟನೇ ಒಂದು ಭಾಗದಷ್ಟು ಮೇಲೇಳುತ್ತದೆ. ಇದು ಏನೂ ಅಲ್ಲವೆನ್ನಿಸಬಹುದು. ಆದರೆ ಕಣ್ಣಿನಿಂದ ಮುಂದಿನ ಮಣಿಗೆ ಹೆಚ್ಚುಕಡಿಮೆ ಒಂದು ಗಜ ದೂರವಿರುವುದರಿಂದ, 16 ಗಜದಾಚೆಯ ಗುರಿಯಲ್ಲಿ ಕಣ್ಣಿನ ಪ್ರತಿ ಬದಲಾವಣೆಯೂ ಹದಿನಾರು ಪಟ್ಟಾಗುತ್ತದೆ. ಕೋವಿಯನ್ನು ಮೈಗೆ ಹೊಂದಿಸಿಕೊಡುವವರು 16 ಗಜದಲ್ಲಿ ಕಾಗದಕ್ಕೆ ಹೊಡೆಸಿ ನೋಡುವುದು ಈ ಲೆಕ್ಕದ ಸಲುವಾಗಿಯೇ. ಅಲ್ಲಿ ಚರೆಯ ಗುಂಪು ಒಂದು ಇಂಚು ಮೇಲೆ ಬಿದ್ದರೆ ಮರದಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದೆ ಎಂದರ್ಥ. ನೀವೂ ಯಾವುದಾದರೂ ರೇಂಜಿಗೆ ಹೋಗಿ ದೊಡ್ಡ ಹಾಳೆಯೊಂದನ್ನು ಕಟ್ಟಿ, ಮಣಿಯನ್ನು ನೋಡದೆ ಗುರುತನ್ನಷ್ಟೇ ನೋಡುತ್ತ, ಕೋವಿ ಏರಿಸಿದೊಡನೆ ಹೊಡೆಯುತ್ತ ಆರೇಳು ತೋಟೆ ಖರ್ಚು ಮಾಡಿ. ಆ ಹಾಳೆ ನಿಮಗೆ ಯಾವ ಸ್ಟಾಕ್ ಬೇಕೆಂಬುದನ್ನು ಜಾಹೀರಾತುಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಇನ್ನು ಬಿರುಕಿಗೆ ಬರುತ್ತೇನೆ. 870ರ ಸ್ಟಾಕನ್ನು ಹಿಂದಿನಿಂದ ತೂರಿದ ಒಂದೇ ಒಂದು ಉದ್ದನೆಯ ಬೋಲ್ಟು ಹಿಡಿದಿರುತ್ತದೆ. ವರ್ಷಗಟ್ಟಲೆ ಒಣಗಿ ನೆನೆದು ಮರ ಕುಗ್ಗಿದಾಗ ಬೋಲ್ಟು ಸಡಿಲಾಗುತ್ತದೆ. ಸಡಿಲಾದ ಮೇಲೆ ಪ್ರತಿ ಹೊಡೆತಕ್ಕೂ ರಿಸೀವರ್ ಮರದ ತಲೆಯನ್ನು ಸುತ್ತಿಗೆಯಂತೆ ಗುದ್ದುತ್ತದೆ. ಇನ್ನೊಂದು ಕಾರಣ ಎಣ್ಣೆ. ಒಡೆಯನು ಅಕ್ಕರೆಯಿಂದ ಎಣ್ಣೆ ಸುರಿದು ಕೋವಿಯನ್ನು ನಳಿಗೆ ಮೇಲಾಗಿ ನಿಲ್ಲಿಸಿಟ್ಟರೆ ಆ ಎಣ್ಣೆಯೆಲ್ಲ ಇಳಿದು ಮರದ ತಲೆಗೆ ಸೇರುತ್ತದೆ, ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಸ್ಟಾಕ್ ಬಿಚ್ಚಿದ ಮೇಲೆ ಒಳಮೈಯನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಬಿರುಕು ಕೂದಲೆಳೆಯಷ್ಟಿದ್ದರೆ, ಎಣ್ಣೆಯನ್ನು ಅಸಿಟೋನಿನಿಂದ ತೆಗೆದು, ಎಪಾಕ್ಸಿ ಊಡಿಸಿ, ರಬ್ಬರ್ ಕೊಳವೆ ಸುತ್ತಿ ಒಂದು ದಿನ ಬಿಗಿದಿಟ್ಟರೆ ಆ ಮರ ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತದೆ. ಉಗುರು ಇಳಿದರೆ ಮಾತ್ರ ಹೊಸ ಸ್ಟಾಕ್ ಬೇಕು.

ಪಿಸ್ತೂಲ್ ಹಿಡಿ ಹಾಕಬೇಕೆಂದಿದ್ದೀರಿ, ಅದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಹಿಂದೆ ಭುಜಕ್ಕೊತ್ತುವ ಭಾಗವೇ ಇಲ್ಲದ ಬರೀ ಹಿಡಿಯನ್ನು ಬೇಟೆಯ ಕೋವಿಗೆ ಹಾಕಲೇಬೇಡಿ. ಹಾರುವ ಹಕ್ಕಿಗೆ ಕೆನ್ನೆಯ ಆಧಾರವಿಲ್ಲದೆ ಹೊಡೆಯಲು ಬರುವುದಿಲ್ಲ, ಒದೆತವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಅಲ್ಲದೆ ಅಮೆರಿಕದಲ್ಲಿ 1934ರ ಕಾಯಿದೆಯ ಪ್ರಕಾರ ಚರೆಕೋವಿಯ ನಳಿಗೆ 18 ಇಂಚಿಗೂ ಒಟ್ಟು ಉದ್ದ 26 ಇಂಚಿಗೂ ಕಡಿಮೆಯಾಗಬಾರದು, ಹಿಂಭಾಗ ಚಿಕ್ಕದಾದಷ್ಟೂ ಆ ಗೆರೆ ಹತ್ತಿರವಾಗುತ್ತದೆ. ಪೂರ್ಣ ಸ್ಟಾಕಿಗೇ ಪಿಸ್ತೂಲ್ ಹಿಡಿ ಜೋಡಿಸಿದ್ದೂ ಸಿಗುತ್ತದೆ. ಕಾದು ಕುಳಿತು ಟರ್ಕಿ ಕೋಳಿ ಹೊಡೆಯುವವರಿಗೆ ಅದು ಒಗ್ಗಬಹುದು, ಪೊದೆಯಿಂದ ಪುರ್ರನೆ ಏಳುವ ಫೆಸೆಂಟಿನ ಹಿಂದೆ ಕೋವಿ ತಿರುಗಿಸಬೇಕಾದ ನಿಮಗೆ ನೇರ ಮಣಿಕಟ್ಟಿನ, ಎಂದರೆ ಕೈ ಹಿಡಿಯುವ ಸಪೂರ ಭಾಗ ನೇರವಾಗಿರುವ, ಸ್ಟಾಕೇ ಹಗುರ. ಇಲ್ಲೊಂದು ಮಾತು: 870ರ ಸೇಫ್ಟಿ ಗುಂಡಿ ಟ್ರಿಗರಿನ ಹಿಂದೆ ಅಡ್ಡಲಾಗಿರುವುದರಿಂದ ಯಾವ ಹಿಡಿಯಲ್ಲೂ ಬೆರಳಿಗೆಟಕುತ್ತದೆ. ಮಾಸ್‌ಬರ್ಗ್ 500ರಲ್ಲಿ ಅದು ರಿಸೀವರಿನ ನೆತ್ತಿಯಲ್ಲಿದ್ದು ಹೆಬ್ಬೆರಳಿನಿಂದ ಸರಿಸುವಂಥದ್ದು. ಆ ಕೋವಿಗೆ ಪಿಸ್ತೂಲ್ ಹಿಡಿ ಹಾಕಿಸಿಕೊಂಡ ಗೆಳೆಯರೊಬ್ಬರು ಪ್ರತಿ ಸಲವೂ ಹಿಡಿ ಬಿಟ್ಟು ಹೆಬ್ಬೆರಳು ಮೇಲಕ್ಕೆ ಒಯ್ಯುತ್ತಿದ್ದರು, ಅಷ್ಟರಲ್ಲಿ ಹಕ್ಕಿ ಜೋಳದ ಹೊಲ ದಾಟಿರುತ್ತಿತ್ತು.

ಮರವೋ ಸಿಂಥೆಟಿಕ್ಕೋ ಎಂಬುದಕ್ಕೆ ಸರಿಯಾದ ಉತ್ತರ ನಿಮ್ಮ ಬಾತುಕೋಳಿ ದೋಣಿಯಲ್ಲಿದೆ. ನೀರು, ಕೆಸರು, ಮಂಜುಗಡ್ಡೆಗಳ ನಡುವೆ ಕೋವಿ ಬಿದ್ದಿರುವುದಾದರೆ ಸಿಂಥೆಟಿಕ್ ಲೇಸು. ಅದರಲ್ಲೂ ತೆಳು ಬಿಲ್ಲೆಗಳನ್ನು ಸೇರಿಸಿ ತೆಗೆದು ಉದ್ದ ಹೊಂದಿಸಿಕೊಳ್ಳಬಹುದಾದ ಸ್ಟಾಕುಗಳಿವೆ, ಕೋಟಿನ ಕಾಲಕ್ಕೊಂದು, ಅಂಗಿಯ ಕಾಲಕ್ಕೊಂದು ಉದ್ದ ಇಟ್ಟುಕೊಳ್ಳಲು ಅದು ಅನುಕೂಲ. ಮರಕ್ಕೆ ಬಂದರೆ, ವಿಂಗ್‌ಮಾಸ್ಟರಿಗೆ ಕಾರ್ಖಾನೆ ಹಾಕಿದ್ದು ವಾಲ್ನಟ್. 1987ರಲ್ಲಿ ಬಂದ ಅಗ್ಗದ ಎಕ್ಸ್‌ಪ್ರೆಸ್ ಮಾದರಿಗೆ ಬಣ್ಣ ಹಚ್ಚಿದ ಬೇರೆ ಗಟ್ಟಿಮರಗಳು ಬಂದವು. ವಾಲ್ನಟ್ ಎಂದರೆ ನಮ್ಮ ಅಕ್ರೋಟು. ಕಾಶ್ಮೀರದ ಅಕ್ರೋಟು ಯೂರೋಪಿನ ಕೋವಿಗಳಿಗೆ ಬಳಸುವ ಜಾತಿಯೇ, ಅಮೆರಿಕದ ಕಪ್ಪು ವಾಲ್ನಟ್ ಅದರ ದಾಯಾದಿ. ಹಗುರ, ಗಟ್ಟಿ, ಉಳಿಗೆ ಬಗ್ಗುವ, ಹವೆಗೆ ಹೆಚ್ಚು ಡೊಂಕಾಗದ ಮರ ಎಂಬ ಕಾರಣಕ್ಕೆ ಶತಮಾನಗಳಿಂದ ಕೋವಿಗೆ ಅದೇ ಬೇಕೆನ್ನುತ್ತಾರೆ. ಬೀಟೆಯ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಬಿಡಿ. ಕಪ್ಪು ವಾಲ್ನಟ್ಟು ಒಂದು ಘನ ಮೀಟರಿಗೆ 610 ಕಿಲೋ ಆಸುಪಾಸು ತೂಗಿದರೆ ಬೀಟೆ 830ರ ಸುಮಾರು ತೂಗುತ್ತದೆ. ಅಷ್ಟು ತೂಕ ಹಿಂದೆ ಬಿದ್ದರೆ ನಳಿಗೆಯ ಮುಂಭಾಗ ತೇಲಿ, ಕೋವಿ ನಡುವೆಯೇ ನಿಂತುಹೋಗುತ್ತದೆ. ಬೀಟೆಯ ಕುಲದ ಮರಗಳೆಲ್ಲ 2017ರಿಂದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಹತೋಟಿಯಲ್ಲಿವೆ. ಒಂದು ತುಂಡು ಮರಕ್ಕಾಗಿ ಎರಡು ದೇಶಗಳ ಕಾಗದಪತ್ರ ಹಿಡಿದು ಓಡಾಡುವುದು ಬೇಡ.

ಕೊಳ್ಳುವಾಗ ಮೂರು ಸಂಗತಿ ತಪ್ಪಿದರೆ ಪೊಟ್ಟಣ ವಾಪಸು ಕಳಿಸಬೇಕಾಗುತ್ತದೆ. 870 ಹುಟ್ಟಿದ್ದು 1950ರಲ್ಲಿ. ಅಂದಿನಿಂದ 12 ಬೋರಿನ ರಿಸೀವರ್ ಹೆಚ್ಚುಕಡಿಮೆ ಅದೇ ಆಗಿರುವುದರಿಂದ ಸ್ಟಾಕ್ ಹೊಂದುತ್ತದೆ, ಆದರೆ 20 ಬೋರಿಗೆ 1970ರ ದಶಕದಲ್ಲಿ ಚಿಕ್ಕ ರಿಸೀವರ್ ಬಂದಿದೆ, ಅದರ ಮರ ನಿಮ್ಮದಕ್ಕೆ ಕೂರದು. ಎರಡನೆಯದು ಬೋಲ್ಟು. ಮರದ ಸ್ಟಾಕಿನ ಬೋಲ್ಟೂ ಸಿಂಥೆಟಿಕ್ಕಿನದೂ ಒಂದೇ ಉದ್ದವಲ್ಲ. ಉದ್ದ ಹೆಚ್ಚಾದರೆ ಸ್ಟಾಕ್ ಬಿಗಿಯುವ ಮೊದಲೇ ಬೋಲ್ಟು ತಳ ಮುಟ್ಟಿ ನಿಲ್ಲುತ್ತದೆ, ಗಿಡ್ಡವಾದರೆ ಎರಡು ಸುತ್ತಿನ ಎಳೆಯ ಮೇಲೆ ಇಡೀ ಭಾರ ಬೀಳುತ್ತದೆ. ಮೂರನೆಯದು ಫೋರೆಂಡಿನ ಒಳಗಿನ ಉಕ್ಕಿನ ಕೊಳವೆ. ಹಳೆಯ ಬೇಟೆಯ ಮಾದರಿಗಳಲ್ಲಿ ಅದು ಸುಮಾರು 7¾ ಇಂಚು, ಹೊಸ ಕೆಲವು ಮಾದರಿಗಳಲ್ಲಿ 6⅝ ಇಂಚು. ಇದನ್ನು ಬಿಚ್ಚಿ ಅಳೆದ ಮೇಲೆಯೇ ಫೋರೆಂಡ್ ತರಿಸಿ. ಎಲ್ಲರೂ ಎಡವುವ ಕಲ್ಲು ಇದು.

ಕೆಲಸ ಶುರುಮಾಡುವ ಮೊದಲು ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ಟ್ರಿಗರ್ ಗಾರ್ಡಿನ ಮುಂದೆ ಎಡಕ್ಕಿರುವ ಬಿಡುಗಡೆಯ ಗುಂಡಿ ಒತ್ತಿ, ಫೋರೆಂಡನ್ನು ಹಿಂದಕ್ಕೆಳೆದು ಆಕ್ಷನ್ (ತೋಟೆ ತುಂಬಿ ಹೊರಹಾಕುವ ಯಂತ್ರಭಾಗ) ತೆರೆದು, ನಳಿಗೆಯ ಬುಡಕ್ಕೂ ತೋಟೆ ತುಂಬಿಡುವ ಮ್ಯಾಗಜೀನ್ ಕೊಳವೆಗೂ ಕಿರುಬೆರಳು ಹಾಕಿ ನೋಡಿ. ಕಣ್ಣಿಗಿಂತ ಬೆರಳು ನಂಬಿಕಸ್ತ. ಟಾರ್ಚು ಹಿಡಿದು ಇನ್ನೊಮ್ಮೆ ನೋಡಿದರೂ ತಪ್ಪಿಲ್ಲ.

ಸ್ಟಾಕ್ ಬಿಚ್ಚುವಾಗ ಹೊಸಬರು ಮೊದಲು ಹುಡುಕುವುದು ಸ್ಕ್ರೂಗಳನ್ನು, ಅವು ಕಾಣುವುದಿಲ್ಲ. ರಬ್ಬರ್ ಪ್ಯಾಡಿದ್ದರೆ ಅದರ ಮೈಮೇಲೆ ಮೇಲೊಂದು ಕೆಳಗೊಂದು ಸೂಜಿಯಿಂದ ಚುಚ್ಚಿದಂಥ ಸೀಳು ಇರುತ್ತದೆ. ಸ್ಕ್ರೂಡ್ರೈವರಿನ ಮೂತಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸವರಿ ಆ ಸೀಳಿನಲ್ಲಿ ತಿರುಗಿಸುತ್ತ ಇಳಿಸಿ. ಸೋಪು ಇಲ್ಲದೆ ನುಗ್ಗಿಸಿದರೆ ರಬ್ಬರು ಹರಿದು ಆ ಗಾಯ ಯಾವತ್ತೂ ಬಾಯಿ ಮುಚ್ಚುವುದಿಲ್ಲ. ಪ್ಯಾಡ್ ಬಂದ ಮೇಲೆ ಮರದಲ್ಲೊಂದು ಹೆಬ್ಬೆರಳ ಗಾತ್ರದ ಗುಹೆ ಕಾಣುತ್ತದೆ. ಅದರ ಕೊನೆಯಲ್ಲಿ, ಗೇಣಿಗೂ ಹೆಚ್ಚು ಆಳದಲ್ಲಿ, ಬೋಲ್ಟಿನ ಸೀಳುತಲೆಯಿದೆ. ಒಂದಡಿ ಉದ್ದದ, ಅಗಲ ಮೂತಿಯ, ಆ ಸೀಳನ್ನು ತುಂಬುವ ಸ್ಕ್ರೂಡ್ರೈವರ್ ಬೇಕು. ನಾನು ಈ ವಿದ್ಯೆ ಕಲಿಯುತ್ತಿದ್ದ ಕಾಲದಲ್ಲಿ, ಕೈಗೆ ಸಿಕ್ಕ ಸಪೂರ ಮೂತಿಯ ಒಂದನ್ನೇ ತೂರಿಸಿ ಬಲವಾಗಿ ಒತ್ತಿ ತಿರುಗಿಸಿದೆ. ಮೂತಿ ಸೀಳಿನಲ್ಲಿರದೆ ಬೋಲ್ಟಿನ ತಲೆಗೂ ಮರಕ್ಕೂ ನಡುವೆ ಸಿಕ್ಕಿತ್ತು. ಟಪ್ ಎಂದು ಒಣ ಕಡ್ಡಿ ಮುರಿದ ಸದ್ದಾಯಿತು, ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಬಿಳಿಯ ಗೆರೆಯೊಂದು ಓಡಿತು. ಅದು ನನ್ನ ಕೋವಿಯಾಗಿರಲಿಲ್ಲ ಎಂಬುದಷ್ಟೇ ಇಲ್ಲಿ ಹೇಳುತ್ತೇನೆ. ಒಳಗೆ ಟಾರ್ಚು ಬಿಟ್ಟು, ಮೂತಿ ಸೀಳಿನಲ್ಲಿ ಕೂತಿದೆಯೆಂದು ಕಂಡ ಮೇಲೆಯೇ ತಿರುಗಿಸಿ.

ಬೋಲ್ಟು, ಅದರ ವಾಷರುಗಳು, ಮರಕ್ಕೂ ರಿಸೀವರಿಗೂ ನಡುವಿನ ತೆಳು ಉಕ್ಕಿನ ಫಲಕ, ಇವನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲಿಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಆ ಫಲಕ ಎಷ್ಟೋ ಸಲ ಹಳೆಯ ಮರಕ್ಕೇ ಅಂಟಿಕೊಂಡಿದ್ದು ಅದರೊಡನೆ ಕಸಕ್ಕೆ ಹೋಗುತ್ತದೆ. ಹೊಸದೂ ಮರದ್ದೇ ಆದರೆ ಫಲಕ ಮತ್ತೆ ಕೂರಲೇಬೇಕು, ಒದೆತದ ಭಾರವನ್ನು ಮರದ ತಲೆಗೆಲ್ಲ ಹಂಚುವುದು ಅದೇ. ಸಿಂಥೆಟಿಕ್ ಆದರೆ ತಯಾರಕರ ಸೂಚನೆಯಲ್ಲಿ ಹೇಳಿದಂತೆ ಮಾಡಿ, ಕೆಲವಕ್ಕೆ ಅದು ಬೇಡ.

ಸಿಂಥೆಟಿಕ್ ಸ್ಟಾಕಿನ ಕೂರಿಕೆ ಐದು ನಿಮಿಷದ್ದು, ಅದರ ಬಗ್ಗೆ ಹೇಳುವುದೇನೂ ಇಲ್ಲ. ಮರದ್ದು ಹಾಗಲ್ಲ. ಮುಕ್ಕಾಲುಪಾಲು ಕೆತ್ತಿ ಮಾರುವ ಮರವನ್ನು ಕೊಂಡರೆ ಉಳಿದ ಕಾಲುಪಾಲು ನಿಮ್ಮ ತಾಳ್ಮೆ. ರಿಸೀವರಿನ ಹಿಂಬದಿಗೆ ತುಟಿಬಣ್ಣವನ್ನು ತೆಳುವಾಗಿ ಸವರಿ, ಮರವನ್ನು ನೇರವಾಗಿ ಒತ್ತಿ ತೆಗೆಯಿರಿ. ಬಣ್ಣ ಹತ್ತಿದ ಜಾಗವೇ ತಾಗುತ್ತಿರುವ ಜಾಗ. ಅದನ್ನಷ್ಟೇ ಚೂಪಾದ ಉಳಿಯಿಂದ ಹೆರೆದು ಮತ್ತೆ ಒತ್ತಿ. ಮೊದಲಿಗೆ ಎರಡು ಚುಕ್ಕೆ ಹತ್ತುತ್ತವೆ, ಇಪ್ಪತ್ತನೆಯ ಸಲಕ್ಕೆ ಸುತ್ತಲೂ ಮಸುಕಾದ ಕೆಂಪು ಉಂಗುರ ಬೀಳುತ್ತದೆ. ಅಲ್ಲಿಗೆ ನಿಲ್ಲಿಸಿ. ಭಾರ ಹೊರಬೇಕಾದದ್ದು ಹಿಂಬದಿಯ ಚಪ್ಪಟೆ ಮುಖ, ಮೂಲೆಗಳಲ್ಲ. ಒಂದೇ ಮೂಲೆ ತಾಗುತ್ತಿದ್ದರೆ ಮುಂದಿನ ಬಿರುಕು ಅಲ್ಲೇ ಹುಟ್ಟುತ್ತದೆ. ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರವಿರಲಿ, ಉಜ್ಜಿ ಮಟ್ಟ ಮಾಡುವ ಆತುರ ಬೇಡ.

ಉದ್ದ ಕಡಿಮೆ ಮಾಡಬೇಕಾದಾಗ ಹೊಸ ಪ್ಯಾಡಿನ ದಪ್ಪವನ್ನು ಲೆಕ್ಕದಿಂದ ಕಳೆಯಲು ಮರೆಯಬೇಡಿ. 13¼ ಇಂಚು ಬೇಕಾಗಿ, ಪ್ಯಾಡ್ ಒಂದಿಂಚು ದಪ್ಪವಿದ್ದರೆ ಮರ 12¼ ಇಂಚಿಗೆ ನಿಲ್ಲಬೇಕು. ಗೆರೆಯ ಸುತ್ತ ಟೇಪು ಸುತ್ತಿ, ಗೆರೆಯನ್ನು ಚಾಕುವಿನಿಂದ ಗೀರಿ, ಸಣ್ಣ ಹಲ್ಲಿನ ಗರಗಸದಿಂದ ಹೊರಗಿನಿಂದ ಒಳಕ್ಕೆ ಕೊಯ್ದರೆ ಅಂಚು ಸಿಬಿರೇಳುವುದಿಲ್ಲ. ಹಳೆಯ ಮುಖದ ಓರೆ ಎಷ್ಟಿತ್ತೋ ಹೊಸ ಮುಖಕ್ಕೂ ಅಷ್ಟೇ ಓರೆ ಇರಲಿ. ಸಂಶಯವಿದ್ದರೆ ಕಾಲು ಇಂಚು ಕಡಿಮೆ ಕೊಯ್ಯಿರಿ, ಕೊಯ್ದ ಮರವನ್ನು ಮತ್ತೆ ಬೆಳೆಸುವ ಗೊಬ್ಬರವಿಲ್ಲ. ಹಳೆಯ ಮರ ಉಳಿಯುವಂತಿದ್ದರೆ ಅದನ್ನು ಕೊಯ್ಯಬೇಡಿ, ಯುವಕರ ಅಳತೆಯ ಅಗ್ಗದ ಸ್ಟಾಕೊಂದನ್ನು ಕೊಂಡು ಅದರಲ್ಲಿ ಪ್ರಯೋಗ ಮಾಡಿ.

ಫೋರೆಂಡಿನ ಕೆಲಸ ಸ್ಟಾಕಿಗಿಂತ ಕಿರಿದು, ಆದರೆ ಗೊಂದಲ ಹೆಚ್ಚು. ಆಕ್ಷನ್ ತೆರೆದಿಟ್ಟು ಮ್ಯಾಗಜೀನಿನ ತುದಿಯ ಕ್ಯಾಪನ್ನು ಬಿಚ್ಚಿ. ಹಳೆಯ ಕೋವಿಯಲ್ಲಿ ಒಳಗಿನ ಸ್ಪ್ರಿಂಗನ್ನು ತಡೆಯುವ ಬಿಲ್ಲೆ ಸಡಿಲಾಗಿರಬಹುದು, ಅಂಗೈ ಅಡ್ಡವಿರಲಿ, ಮುಖ ಪಕ್ಕಕ್ಕಿರಲಿ. ನಳಿಗೆಯನ್ನು ಮುಂದಕ್ಕೆ ಎಳೆದು ತೆಗೆಯಿರಿ. ಈಗ ರಿಸೀವರಿನ ಹೊಟ್ಟೆಯ ಕಡೆಯಿಂದ ತೋಟೆ ಎತ್ತುವ ತಟ್ಟೆಯನ್ನು ಮೇಲಕ್ಕೆ ತಳ್ಳಿ, ಎಡಗೋಡೆಗಿರುವ ಉದ್ದನೆಯ ತೋಟೆ ಚಿಲಕವನ್ನು ಬೆರಳಿನಿಂದ ಗೋಡೆಗೊತ್ತಿ ಹಿಡಿದರೆ ಫೋರೆಂಡ್ ಮುಂದಕ್ಕೆ ಜಾರಿ ಹೊರಬರುತ್ತದೆ. ಅದರ ಎರಡು ಉಕ್ಕಿನ ಕಡ್ಡಿಗಳ ತುದಿಯಲ್ಲಿ ನಳಿಗೆಯ ಬುಡ ಮುಚ್ಚುವ ಬ್ರೀಚ್ ಬೋಲ್ಟೂ ಅದರ ಕೆಳಗಿನ ಸ್ಲೈಡೂ ಕೂತಿರುತ್ತವೆ. ಅವು ಕೈಗೆ ಬಿಡಿಬಿಡಿಯಾಗಿ ಬೀಳುವ ಮೊದಲು ಹೇಗೆ ಕೂತಿವೆಯೆಂದು ನೋಡಿಕೊಳ್ಳಿ.

ಫೋರೆಂಡನ್ನು ಕೊಳವೆಗೆ ಹಿಡಿದಿರುವುದು ಮುಂದಿನ ತುದಿಯ, ಎರಡು ಕಚ್ಚುಗಳಿರುವ ಉಂಗುರದ ನಟ್ಟು. ಅದಕ್ಕೆಂದೇ ಮಾಡಿದ ಒಂದು ಚಿಕ್ಕ ಕೀಲಿ ಸಿಗುತ್ತದೆ, ಹೋಟೆಲಿನ ಒಂದು ಊಟದ ಬೆಲೆಯಷ್ಟೂ ಇರಲಾರದು, ಅದನ್ನೇ ಕೊಳ್ಳಿ. ಚೂಪುಮೂಗಿನ ಇಕ್ಕಳದಿಂದ ತಿರುಗಿಸಿದ ನಟ್ಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಎಲ್ಲದರ ಕಚ್ಚುಗಳೂ ಇಲಿ ಕಡಿದಂತಿರುತ್ತವೆ. ನಟ್ಟು ಹಟ ಹಿಡಿದರೆ ತುಕ್ಕು ಬಿಡಿಸುವ ಎಣ್ಣೆಯ ಎರಡು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಹೊಸ ಫೋರೆಂಡಿಗೆ ಕೊಳವೆ ತೂರಿಸಿ, ಕಡ್ಡಿಗಳು ಅದರ ಸೀಳುಗಳಿಗೆ ನೇರವಾಗಿವೆಯೆಂದು ನೋಡಿ, ನಟ್ಟನ್ನು ಗಟ್ಟಿಯಾಗುವಷ್ಟು ಮಾತ್ರ ಬಿಗಿಯಿರಿ. ಮರದ ಫೋರೆಂಡಿನ ಗೋಡೆ ಬಹಳ ತೆಳು, ಅತಿಯಾಗಿ ಬಿಗಿದರೆ ಸೀಳುತ್ತದೆ. ಮರುಜೋಡಣೆಯಲ್ಲಿ ಕಡ್ಡಿಗಳು ರಿಸೀವರಿನೊಳಗೆ ಹೋಗುತ್ತ ಮೊದಲು ಬಲ ಚಿಲಕಕ್ಕೆ ತಾಗಿ ನಿಲ್ಲುತ್ತವೆ, ಅದನ್ನು ಒತ್ತಿದರೆ ಮುಂದೆ ಸಾಗಿ ಎಡ ಚಿಲಕಕ್ಕೆ ನಿಲ್ಲುತ್ತವೆ, ಅದನ್ನೂ ಒತ್ತಬೇಕು. ಎಲ್ಲಿ ನಿಂತರೂ ಬಲ ಹಾಕಬೇಡಿ. ಈ ಕೋವಿಯಲ್ಲಿ ಬಲದಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ.

ಅಲ್ಲಾಟದ ವಿಷಯ. ಪಂಪ್ ಫೋರೆಂಡ್ ಹಿಂದೆಮುಂದೆ ಓಡಬೇಕಾದ ಭಾಗ, ಅದಕ್ಕೆ ಸ್ವಲ್ಪ ಪಕ್ಕಕ್ಕೆ ಆಡುವ ಸಡಿಲ ಇರಲೇಬೇಕು. ಸಡಿಲವಿಲ್ಲದ್ದು ಕೆಸರು ಸೇರಿದ ದಿನ ಕಚ್ಚಿಕೊಳ್ಳುತ್ತದೆ. ಮರವೇ ಕೊಳವೆಯ ಮೇಲೆ ತಿರುಗುತ್ತಿದ್ದರೆ ಮಾತ್ರ ಅದು ದೋಷ, ಅದಕ್ಕೂ ಎಷ್ಟೋ ಸಲ ನಟ್ಟನ್ನು ಅರ್ಧ ಸುತ್ತು ಬಿಗಿದರೆ ಸಾಕು. ನಿಮ್ಮದು ಈ ಎರಡರಲ್ಲಿ ಯಾವುದೆಂದು ಮೊದಲು ನೋಡಿ, ಫೋರೆಂಡಿನ ಖರ್ಚೇ ಉಳಿಯಬಹುದು. ಬದಲಿಸುವುದೇ ಆದರೆ ಹಿಂದಕ್ಕೆ ಚಾಚಿರುವ ಉದ್ದನೆಯದನ್ನು ಆರಿಸಿ. ತೋಳು ಗಿಡ್ಡವಿರುವವರಿಗೆ ಪಂಪ್ ಎಳೆಯಲು ಅದು ಹತ್ತಿರವಾಗುತ್ತದೆ.

ಹೊಸ ಮರಕ್ಕೆ ಬೇಯಿಸಿದ ಅಗಸೆ ಎಣ್ಣೆಯನ್ನೋ ಟಂಗ್ ಎಣ್ಣೆಯನ್ನೋ ಕೈಯಲ್ಲೇ ತೆಳುವಾಗಿ ತಿಕ್ಕಿ, ಒಂದು ಪದರ ಒಣಗಲು ಒಂದು ದಿನ ಬಿಟ್ಟು, ಇಂಥ ಏಳೆಂಟು ಪದರ ಕೊಡಿ. ಪ್ಯಾಡಿನ ಕೆಳಗಿನ ಮುಖಕ್ಕೂ, ರಿಸೀವರಿಗೆ ಸೇರುವ ತಲೆಗೂ, ಬೋಲ್ಟಿನ ಗುಹೆಯೊಳಕ್ಕೂ ಹಚ್ಚಿ. ನೀರು ಒಳನುಗ್ಗುವುದು ಹೊಳೆಯುವ ಹೊರಮೈಯಿಂದಲ್ಲ, ಯಾರೂ ನೋಡದ ಈ ಕೊಯ್ದ ಮುಖಗಳಿಂದ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದರೆ ಅದು ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಲ್ಲದು. ಅದನ್ನು ನೀರಿನಲ್ಲಿ ಅದ್ದಿಡಿ, ಇಲ್ಲವೆ ಅಂಗಳದಲ್ಲಿ ಹರಡಿ ಒಣಗಿಸಿ.

ಎಲ್ಲ ಜೋಡಿಸಿದ ಮೇಲೆ ನಕಲಿ ತೋಟೆಗಳನ್ನು ಹಾಕಿ ತುಂಬುವುದು, ಎಳೆಯುವುದು, ಹೊರಹಾಕುವುದು ಸರಾಗವಾಗಿ ನಡೆಯುತ್ತದೆಯೇ ನೋಡಿ. ಆಕ್ಷನ್ ಕೊನೆಯವರೆಗೆ ಹಿಂದಕ್ಕೆ ಹೋಗಬೇಕು, ಸೇಫ್ಟಿ ಹಾಕಿದಾಗ ಟ್ರಿಗರ್ ಬೀಳಬಾರದು. ಬಾತುಕೋಳಿಯಂಥ ವಲಸೆ ಹಕ್ಕಿಗಳ ಬೇಟೆಗೆ ಕೋವಿಯಲ್ಲಿ ಒಟ್ಟು ಮೂರೇ ತೋಟೆ ಹಿಡಿಸಬೇಕೆಂಬುದು ಅಮೆರಿಕದ ಒಕ್ಕೂಟದ ನಿಯಮ. ಅದಕ್ಕಾಗಿ ಮ್ಯಾಗಜೀನಿನಲ್ಲಿಟ್ಟ ಕೋಲನ್ನು ನೀವು ಬಿಚ್ಚುವಾಗ ಮೇಜಿನ ಮೇಲೆ ಮರೆತಿದ್ದರೆ ವಾರ್ಡನ್ ನೆನಪಿಸುತ್ತಾರೆ. ನೀವು ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿದ್ದರೆ ಇನ್ನೊಂದು ಮಾತು ಮುಖ್ಯ. ಅಂಥವರಿಗೆ ಕೋವಿ ಇಟ್ಟುಕೊಳ್ಳುವುದಕ್ಕೇ ನಿಷೇಧವಿದ್ದು, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸು ಸಾಮಾನ್ಯವಾಗಿ ಬಳಸುವ ವಿನಾಯಿತಿ. ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಇದನ್ನು ನಿಮ್ಮ ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹೊಸ ಸ್ಟಾಕ್ ಮರದ್ದಾದರೆ ಮೊದಲ ಐವತ್ತು ತೋಟೆಗಳ ನಂತರ ಪ್ಯಾಡ್ ಬಿಚ್ಚಿ ಬೋಲ್ಟನ್ನು ಮತ್ತೊಮ್ಮೆ ಬಿಗಿಯಿರಿ, ಒತ್ತಡಕ್ಕೆ ಮರ ಅಷ್ಟು ಹೊತ್ತಿಗೆ ಒಂದಿಷ್ಟು ಕುಳಿತಿರುತ್ತದೆ. ಮಿನೆಸೋಟದ ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಅದು ಇನ್ನೂ ಕುಗ್ಗುವುದರಿಂದ ಜನವರಿಯಲ್ಲಿ ಮತ್ತೊಂದು ಸಲ ನೋಡಿ. ಕೋವಿಗೆ ಎಣ್ಣೆ ಹಾಕಿದ ರಾತ್ರಿ ನಳಿಗೆಯ ಬಾಯಿ ಕೆಳಗಾಗಿ, ಹಳೆಯ ಟವಲಿನ ಮೇಲೆ ನಿಲ್ಲಿಸಿಡಿ. ವಿಂಗ್‌ಮಾಸ್ಟರಿನ ಹಳೆಯ ಮರ, ಅದರ ಬೋಲ್ಟು, ಫಲಕ, ಬಿರುಕು ಸಮೇತ ಒಂದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ನಾಳೆ ಈ ಕೋವಿಯನ್ನು ಕೊಳ್ಳುವವನು ಮೊದಲು ಕೇಳುವುದು ಅದನ್ನೇ.